ಕತ್ತರಿ ಮಾಮನ ‘ಹೋಗಿ ಬನ್ನಿ’

ನಮ್ಮ ಬೀದಿಯ ಕ್ಷೌರದಂಗಡಿಯ ಕತ್ತರಿ ಮಾಮ ಬೇರೆ ದೇಶದಿಂದ ಓಡಿ ಬಂದವನು. ಅವನ ಕೈ ಎಷ್ಟು ಹಗುರವೆಂದರೆ, ಕ್ಷೌರ ಮುಗಿದದ್ದೇ ಗೊತ್ತಾಗದೆ ಗಿರಾಕಿಗಳು ಮಧ್ಯಾಹ್ನದವರೆಗೂ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ನೊಣಗಳು ಕೂಡ ಮೀಸೆ ತಿದ್ದಿಸಿಕೊಳ್ಳಲು ಬರುತ್ತಿದ್ದವು. ನಂಬದಿದ್ದರೆ ಬಿಡಿ, ನೊಣಗಳಿಗೇನೂ ಬೇಸರವಿಲ್ಲ.

ನಮ್ಮ ಭಾಷೆಯನ್ನು ಅವನು ಕಲಿತದ್ದು ಆ ಕುರ್ಚಿಯ ಹಿಂದೆ ನಿಂತೇ. ಹಾಗಾಗಿ ಮಂಡಿನೋವು, ಅತ್ತೆ-ಸೊಸೆ ಜಗಳ, ಬೆಲೆಯೇರಿಕೆ ಇವುಗಳಲ್ಲಿ ಮಹಾಪಂಡಿತ. ಮಿಕ್ಕ ವಿಷಯ ಬಂದರೆ ತಡವರಿಕೆ.

ತನ್ನ ದೇಶದಲ್ಲೂ ಅವನದು ಇದೇ ಕಸುಬು. ಅಲ್ಲಿನ ಸರ್ಕಾರವನ್ನು ಟೀಕಿಸಿ ಬರೆಯುತ್ತಿದ್ದ ಕೆಲವರು ಅವನ ಗಿರಾಕಿಗಳು. ಅವರು ಎಲ್ಲಿ ಅಡಗಿದ್ದಾರೆ ಹೇಳು ಎಂದು ಸಿಪಾಯಿಗಳು ಬಂದು ಕೇಳಿದಾಗ, ಈ ಬಾಯಿಬಡುಕ ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡ. ಅಂಗಡಿಗೆ ಬೆಂಕಿ ಬಿತ್ತು. ಗಂಡ ಹೆಂಡತಿ ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ, ಇಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿದರು. ವಾಪಸ್ಸು ಹೋದರೆ ಸೆರೆಮನೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು.

ಅರ್ಜಿ ವಿಚಾರಿಸುವ ಸಾಹೇಬರಿಗೆ ದುಭಾಷಿ ಮಾಮನ ಮಾತನ್ನೆಲ್ಲ ಚೆನ್ನಾಗಿಯೇ ತಿಳಿಸಿದಳಂತೆ. ಎಲ್ಲ ಮುಗಿದು ಆಕೆ ನೀರು ಕುಡಿಯಲು ಹೊರಗೆ ಹೋದಾಗ ಸಾಹೇಬರು ಕಡತ ಮುಚ್ಚಿ, ಮುಗುಳ್ನಕ್ಕು, “ಆಯ್ತು, ಹೋಗಿ ಬನ್ನಿ” ಎಂದರು.

ಮಾಮ ಮನೆಗೆ ಹೋಗಿ ಹೆಂಡತಿಗೆ ಸುದ್ದಿ ಮುಟ್ಟಿಸಿ, ಅಂಗಡಿಗೆ ಬಂದು, ಕಾಯುತ್ತಿದ್ದ ನನ್ನ ಗಡ್ಡಕ್ಕೆ ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಅವನ ಕಣ್ಣೀರು ಇನ್ನೊಂದು ಕೆನ್ನೆಯ ನೊರೆಯನ್ನೆಲ್ಲ ತೊಳೆದುಬಿಟ್ಟಿತು.

“ಏನಾಯ್ತೋ ಮಾಮ? ನನ್ನ ಮುಖ ಅಷ್ಟು ಕೆಟ್ಟದಾಗಿದ್ಯಾ?”

“ಇದೇ ಕೊನೆ ಕ್ಷೌರ, ಯಜಮಾನ್ರೇ. ಸಾಹೇಬ್ರು ಹೋಗು ಅಂದ್ಬಿಟ್ರು. ಹೋಗಿ ಆಮೇಲೆ ಬರ್ಬೇಕಂತೆ. ಬರೋಕೆ ಕುತ್ತಿಗೆ ಮೇಲೆ ತಲೆ ಇರ್ಬೇಕಲ್ಲ?”

“ಸರಿಯಾಗಿ ಹೇಳು, ಏನಂದ್ರು?”

“ನಗ್ತಾ ನಗ್ತಾನೇ ಅಂದ್ರು, ಹೋಗಿ ಬನ್ನಿ ಅಂತ.”

ಅಂಗಡಿಯಲ್ಲಿದ್ದವರು ನಕ್ಕ ರಭಸಕ್ಕೆ ಪೌಡರ್ ಡಬ್ಬಿಯ ಮುಚ್ಚಳ ಹಾರಿಹೋಯಿತು. ಮಾಮನ ಮುಖ ಇನ್ನೂ ಸಣ್ಣದಾಯಿತು. ಅರ್ಧ ಗಡ್ಡದಲ್ಲೇ ಎದ್ದು, ಅವನನ್ನು ಎದುರುಮಹಡಿಯ ವಕೀಲಮ್ಮನ ಬಳಿಗೆ ಎಳೆದುಕೊಂಡು ಓಡಿದೆ. ನನ್ನ ಅವತಾರ ನೋಡಿ ಬೀದಿನಾಯಿಗಳು ಊರೇ ಬಿಟ್ಟವು.

“ಅಯ್ಯೋ ಮಾಮ,” ಎಂದಳು ವಕೀಲಮ್ಮ, “ಮನೆಗೆ ಬಂದೋರಿಗೂ ನಾವು ಹಾಗೇ ಅಲ್ವಾ ಹೇಳೋದು? ಬರೀ ‘ಹೋಗಿ’ ಅಂದ್ರೆ ಗದರಿದ ಹಾಗಾಗುತ್ತೆ. ಅದಕ್ಕೇ ‘ಬನ್ನಿ’ ಅಂತ ಬಾಲ ಅಂಟಿಸೋದು.”

“ಹಾಗಾದ್ರೆ ಕಳ್ಸೋದಿಲ್ವಾ?”

“ತೀರ್ಪು ಇನ್ನೂ ಬಂದಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಜೀವಕ್ಕೆ ಅಪಾಯ ಇರೋ ಕಡೆಗೆ ಯಾರನ್ನೂ ವಾಪಸ್ ತಳ್ಳಬಾರದು ಅಂತ ದೇಶದೇಶಗಳೇ ಸೇರಿ ಒಪ್ಪಂದ ಮಾಡ್ಕೊಂಡಿವೆ. ನಮ್ಮ ದೇಶಾನೂ ರುಜು ಹಾಕಿದೆ. ಸಾಹೇಬ್ರ ಮುತ್ತಾತ ಎದ್ದು ಬಂದ್ರೂ ಅದನ್ನ ಮೀರೋ ಹಾಗಿಲ್ಲ. ಒಂದ್ವೇಳೆ ಅವ್ರು ಇಲ್ಲ ಅಂದ್ರೆ ಮೇಲ್ಮನವಿ ಹಾಕೋಣ. ಅದು ಇತ್ಯರ್ಥ ಆಗೋವರೆಗೆ ನಿಮ್ಮ ಒಂದು ಕೂದಲೂ ಕೊಂಕಲ್ಲ.”

ಮಾಮ ತನ್ನ ಬೋಳುತಲೆ ಸವರಿಕೊಂಡ.

ಅಷ್ಟರಲ್ಲಿ ಹೆಂಡತಿ ಅರ್ಧ ಪಾತ್ರೆಗಳನ್ನು ನೆರೆಯವರಿಗೆ ಹಂಚಿಯಾಗಿತ್ತು. ನಮಗೂ ಅರ್ಥವಾಗಲಿ ಎಂದು ನಮ್ಮ ಭಾಷೆಯಲ್ಲೇ ಬೈದಳು: “ದೊಡ್ಡ ಬಾಣಲೇನೂ ಕೊಟ್ಬಿಟ್ನಲ್ರೀ! ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ?”

ತೀರ್ಪು ಬರುವವರೆಗೆ ಮಾಮ ಕಣ್ಣನ್ನು ಬಾಗಿಲ ಕಡೆ ನೆಟ್ಟೇ ಕತ್ತರಿ ಆಡಿಸುತ್ತಿದ್ದ. ನಮ್ಮ ಬೀದಿಯ ಗಂಡಸರ ತಲೆಗಳೆಲ್ಲ ಇಲಿ ಮೇಯ್ದ ಹುಲ್ಲಿನಂತಿದ್ದವು. ಆದರೂ ಯಾರೂ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಕೊನೆಗೂ ಬಂತು: ಇಬ್ಬರೂ ಇಲ್ಲೇ ಇರಬಹುದು, ದುಡಿಯಬಹುದು. ಹೆಂಡತಿ ಅತ್ತಳು. ಮಾಮ ನೆಟ್ಟಗೆ ಹೋಗಿ ಮನೆಯ ಮಾಲೀಕನ ಬಾಗಿಲು ಬಡಿದ. ಎಲ್ಲಿ ಹೊರಗೆ ಹಾಕುತ್ತಾನೋ ಎಂದು ಅವನೆದುರು ಅಂದಿನವರೆಗೆ ತುಟಿ ಬಿಚ್ಚಿರಲಿಲ್ಲ.

“ಬಚ್ಚಲ ನಲ್ಲಿ ಸೋರ್ತಿದೆ, ಸ್ವಾಮಿ. ಕಿಟಕಿ ಮುಚ್ಚೋಕಾಗಲ್ಲ. ಗೋಡೆ ಮುಟ್ಟಿದ್ರೆ ಸುಣ್ಣ ಉದುರುತ್ತೆ. ನಾಳೇನೇ ಸರಿ ಮಾಡಿಸಿ!”

“ಇಷ್ಟು ದಿನ ಇಲ್ಲದ ವರಾತ ಇವತ್ತೇನಯ್ಯಾ?”

“ಇನ್ಮೇಲೆ ಇಲ್ಲೇ ಇರೋನಲ್ವಾ? ನಿಮ್ಮ ಜೊತೆ ಜಗಳ ಆಡೋಕೆ ಈಗ ಬೇಕಾದಷ್ಟು ಟೈಮಿದೆ.”

ಮಾಲೀಕ ಗೊಣಗುತ್ತ ಸ್ಪ್ಯಾನರ್ ಹುಡುಕಲು ಒಳಗೆ ಹೋದ.