ಸಿಸ್ಟರ್‌ಗೆ ಕಡಿಮೆ ಬಿದ್ದ ಮೂರು ಕ್ರೆಡಿಟ್

ಆಸ್ಪತ್ರೆಯಲ್ಲಿ ಅವರನ್ನು ಸಿಸ್ಟರ್ ಎನ್ನುವುದು ಸರಿಯೇ. ವಿಶ್ವವಿದ್ಯಾಲಯದಲ್ಲೂ ಗೇಟಿನ ಕಾವಲುಗಾರನಿಂದ ಹಿಡಿದು ಪ್ರೊಫೆಸರರವರೆಗೆ ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಜ್ವರದ ವಾರ್ಡಿನ ಡ್ಯೂಟಿ ಮುಗಿಸಿ, ಬಿಳಿ ಬೂಟು ಬಿಚ್ಚಲೂ ಪುರಸೊತ್ತಿಲ್ಲದೆ ಸಂಜೆಯ ತರಗತಿಗೆ ಏದುಸಿರು ಬಿಡುತ್ತಾ ಬರುವ ಐವತ್ತರ ಹೆಂಗಸನ್ನು ಬೇರೇನೆಂದು ಕರೆಯುವುದು?

ಓದುತ್ತಿದ್ದುದು ಜನಾರೋಗ್ಯದಲ್ಲಿ ಸ್ನಾತಕೋತ್ತರ ಪದವಿ. ಯಾರ ಬಲವಂತವೂ ಇರಲಿಲ್ಲ. ಸಂಬಳವೇನೂ ಏರುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ತಪ್ಪಿಹೋದ ಓದು ಬೇಕೆನಿಸಿತ್ತು, ಅಷ್ಟೇ. ಗಂಡನಿಗೆ ಪೇಟೆಯಲ್ಲಿ ಸಲೂನ್. ಕತ್ತರಿ ಆಡಿಸುತ್ತಾ ಗಿರಾಕಿಗಳ ಕಿವಿ ತೂತಾಗುವಂತೆ ಹೆಂಡತಿಯ ಓದಿನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ ಆಸಾಮಿ, ಮನೆಗೆ ಬಂದರೆ ಮಾತ್ರ ರೇಗಿಸುವುದೇ ಕೆಲಸ. ಒಂದೊಂದು ಕೋರ್ಸ್ ಪಾಸಾದಾಗಲೂ ಇಷ್ಟು ಕ್ರೆಡಿಟ್ ಎಂದು ಖಾತೆಗೆ ಬೀಳುತ್ತದೆ, ಎಲ್ಲ ಸೇರಿ ನಿಗದಿಯಾದಷ್ಟು ಕೂಡಿದರೆ ಪದವಿ, ಅದೂ ಐದು ವರ್ಷದೊಳಗೆ ಆಗಬೇಕು, ಇಲ್ಲವಾದರೆ ಹಳೆಯವು ಒಂದೊಂದಾಗಿ ರದ್ದಾಗುತ್ತವೆ ಎಂದು ಸಿಸ್ಟರ್ ವಿವರಿಸಿದಾಗ ಅವನು ಹೇಳಿದ್ದು, "ಹಾಲಿನ ಪ್ಯಾಕೆಟ್ ಇದ್ದ ಹಾಗೆ ಅನ್ನು. ಫ್ರಿಜ್ಜಲ್ಲಿಟ್ಟರೆ ಎರಡು ದಿನ ಜಾಸ್ತಿ ಬರಲ್ವಾ?"

ಐದನೆಯ ವರ್ಷದ ಕೊನೆಯ ಸೆಮಿಸ್ಟರು ಶುರುವಾದಾಗ ಪದವಿಯ ಅರ್ಜಿ ಹಾಕಲು ಸಿಸ್ಟರ್ ವಿಭಾಗದ ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತೆ ಕಂಪ್ಯೂಟರ್ ನೋಡಿ ನೋಡಿ ಹಣೆ ಗಂಟಿಕ್ಕಿದಳು.

"ಸಿಸ್ಟರ್, ಸಂಖ್ಯಾಶಾಸ್ತ್ರ ಎರಡು ಸಲ ತಗೊಂಡಿದ್ದೀರಲ್ಲ?"

"ಇಲ್ಲಮ್ಮ. ಮೊದಲನೆಯದು ಸಂಖ್ಯಾಶಾಸ್ತ್ರ. ಆಮೇಲೆ ತಗೊಂಡಿದ್ದು ಅಂಕಿ ಅಂಶ ಮತ್ತು ಆರೋಗ್ಯ."

"ಎರಡೂ ಒಂದೇ. ನಡುವೆ ಹೆಸರು ಬದಲಾಯಿಸಿದ್ರು. ಒಂದೇ ಕೋರ್ಸಿಗೆ ಎರಡು ಸಲ ಕ್ರೆಡಿಟ್ ಕೊಡಲ್ಲ. ಮೊದಲನೆಯದನ್ನ ಇಟ್ಟು, ಎರಡನೆಯದನ್ನ ತೆಗೆದುಹಾಕಿದ್ದಾರೆ. ಮೂರು ಕಡಿಮೆ ಬೀಳ್ತಿದೆ."

ಸಿಸ್ಟರ್‌ಗೆ ಗೊತ್ತಾಗಲೇ ಇಲ್ಲವೇ ಎಂದರೆ, ಅನುಮಾನ ಬಂದಿತ್ತು. ಅಜ್ಜನಿಗೆ ಹಲ್ಲಿಲ್ಲ, ಮೊಮ್ಮಗನಿಗೆ ಮೂವತ್ತೆರಡು, ಸರಾಸರಿ ತಲಾ ಹದಿನಾರು, ಹಾಗಂತ ಅಜ್ಜನಿಗೆ ಕಡಲೆಕಾಯಿ ಕೊಡೋಕಾಗುತ್ತಾ ಎಂದು ಅದೇ ಪ್ರೊಫೆಸರು ಎರಡನೆಯ ಕೋರ್ಸಿನಲ್ಲೂ ಹೇಳಿದಾಗ, ಅವರು ಮುಗಿಸುವ ಮೊದಲೇ ಸಿಸ್ಟರ್ ನಕ್ಕುಬಿಟ್ಟಿದ್ದರು. ಮೇಷ್ಟ್ರುಗಳು ಎಲ್ಲ ಕೋರ್ಸಿಗೂ ಒಂದೇ ಜೋಕು ಸಾಗಹಾಕುತ್ತಾರೆ ಎಂದುಕೊಂಡು ಸುಮ್ಮನಾದರು. ಈಗ ನೋಡಿದರೆ ಜೋಕಷ್ಟೇ ಅಲ್ಲ, ಕೋರ್ಸೂ ಒಂದೇ. ಈ ಸೆಮಿಸ್ಟರ್ ದಾಟಿದರೆ ಮೊದಲ ವರ್ಷ ಗಳಿಸಿದ್ದೆಲ್ಲ ನೀರುಪಾಲು.

ಬೇರೆ ಕೋರ್ಸುಗಳ ನೋಂದಣಿ ಮುಗಿದಿತ್ತು. ಗುಮಾಸ್ತೆ ಒಳ್ಳೆಯವಳು, ಹುಡುಕಿ ಹುಡುಕಿ ಒಂದು ದಾರಿ ತೆಗೆದಳು. ಬೋಧನಾ ಅಭ್ಯಾಸ ಎಂದೊಂದಿದೆ, ಮೂರು ಕ್ರೆಡಿಟ್. ಕಿರಿಯ ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಪಾಠ ಬಿಡಿಸಿ ಹೇಳಬೇಕು. ಒಂದು ದಿನ ಆ ಕೋರ್ಸಿನ ಪ್ರೊಫೆಸರು ಬಂದು ಕುಳಿತು ನೋಡುತ್ತಾರೆ, ಒಪ್ಪಿದರೆ ಪಾಸು. ಜಾಗ ಖಾಲಿ ಇದ್ದದ್ದು ಒಂದೇ ಕೋರ್ಸಿನಲ್ಲಿ, ಅದೇ ಸಂಖ್ಯಾಶಾಸ್ತ್ರದಲ್ಲಿ.

ಗಂಡ ಎಲ್ಲ ಕೇಳಿಸಿಕೊಂಡು ಹೇಳಿದ, "ಒಂದೇ ತಲೆಗೆ ಎರಡು ಸಲ ಕತ್ತರಿ ಹಾಕಿ ಎರಡು ಕಟಿಂಗ್ ಅಂದ್ರೆ ಯಾರು ಒಪ್ತಾರೆ? ಸರಿ, ಈಗ ಕತ್ತರಿ ಹಿಡಿಯೋದನ್ನ ಕಲಿಸು."

"ನಿಮಗೆ ತಮಾಷೆ. ನನಗೆ ಕೈಕಾಲು ನಡುಗ್ತಿದೆ ಕಣ್ರೀ."

"ರೋಗಿಗಳಿಗೆ ಸೂಜಿ ಚುಚ್ಚುವಾಗ ನಡುಗದೇ ಇರೋ ಕೈಗೆ ಸೀಮೆಸುಣ್ಣ ಯಾವ ಲೆಕ್ಕ," ಎಂದು ಅವನು ತಾನೇ ಎದ್ದು ಪಾತ್ರೆ ತೊಳೆಯಲು ಹೋದ. ಅಂಥ ದಿನ ಅಪರೂಪ.

ವಾರಗಳು ಚೆನ್ನಾಗಿಯೇ ಸಾಗಿದವು. ಪ್ರೊಫೆಸರು ಬಂದ ದಿನವೇ ಎಡವಟ್ಟಾಯಿತು. ಅಂದು ಪಾಠ ವಿಚಲನೆಯದು, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂಬುದು. ಸಿಸ್ಟರ್ ಪುಸ್ತಕದಲ್ಲಿದ್ದಂತೆ ಸೂತ್ರ ಬರೆದು, ಅಚ್ಚುಕಟ್ಟಾಗಿ ವಿವರಿಸಿ, ಬೆವರೊರೆಸಿಕೊಂಡು ತಿರುಗಿದರು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ದಪ್ಪ ಕನ್ನಡಕದ ಹುಡುಗಿ ಎದ್ದು ನಿಂತಳು.

"ಸಿಸ್ಟರ್, ಏನೂ ಅರ್ಥವಾಗಲಿಲ್ಲ."

ಅವಳ ಹಿಂದೆಯೇ ಇನ್ನೂ ನಾಲ್ವರು ಎದ್ದರು. ತಮಗೂ ಇಲ್ಲವಂತೆ. ಪ್ರೊಫೆಸರು ಏನೋ ಗೀಚಿಕೊಂಡರು. ಮೂರು ಕ್ರೆಡಿಟ್ ಕೈತಪ್ಪಿತು ಎಂದೇ ಸಿಸ್ಟರ್ ಅಂದುಕೊಂಡರು. ಆದರೂ ಎದ್ದು ನಿಂತವರನ್ನು ಹಾಗೇ ಬಿಡುವುದುಂಟೇ? ಬೋರ್ಡು ಪೂರ್ತಿ ಒರೆಸಿದರು.

"ಕೂತ್ಕೊಳಮ್ಮ. ಎರಡು ವಾರ್ಡಿದೆ. ಒಂದರಲ್ಲಿ ಎಲ್ಲರಿಗೂ ಚೂರು ಮೈ ಬಿಸಿ. ಇನ್ನೊಂದರಲ್ಲಿ ಅರ್ಧ ಜನ ಸುಡ್ತಿದ್ದಾರೆ, ಅರ್ಧ ಜನ ತಣ್ಣಗಾಗಿದ್ದಾರೆ. ಸರಾಸರಿ ಎರಡು ಕಡೆನೂ ಒಂದೇ. ನೀನು ಯಾವ ಕಡೆ ಓಡ್ತೀಯ?"

"ಎರಡನೇ ಕಡೆ."

"ಯಾಕೆ? ಸರಾಸರಿ ಒಂದೇ ತಾನೇ?"

ಹುಡುಗಿ ಯೋಚಿಸಿದಳು. "ಯಾರ್ಯಾರು ಎಷ್ಟೆಷ್ಟು ದೂರ ಹೋಗಿದ್ದಾರೆ ಅಂತ ನೋಡಬೇಕಲ್ಲ, ಸಿಸ್ಟರ್."

"ಆ ದೂರವನ್ನ ಅಳೆಯೋದೇ ವಿಚಲನೆ. ಬಾ, ನೀನೇ ಲೆಕ್ಕ ಹಾಕು."

ಅವಳು ಬಂದು ಹಾಕಿದಳು. ನಡುವೆ ತಪ್ಪಿದಾಗ ಉಳಿದವರು ಕೂಗಿ ತಿದ್ದಿದರು. ತರಗತಿ ಸಂತೆಯಾಯಿತು, ಆದರೆ ಉತ್ತರ ಬಂತು.

ಎಲ್ಲರೂ ಹೋದ ಮೇಲೂ ಪ್ರೊಫೆಸರು ಕುಳಿತೇ ಇದ್ದರು. "ಸಿಸ್ಟರ್, ನನ್ನ ಕ್ಲಾಸಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಎದ್ದು ಅರ್ಥವಾಗಲಿಲ್ಲ ಅಂದಿಲ್ಲ. ನಿಮ್ಮಲ್ಲಿ ಒಂದೇ ಸಂಜೆಗೆ ಐದು ಜನ ಎದ್ದರು."

ಏನಾದರೂ ಸಮಜಾಯಿಷಿ ಹೇಳಿ ಬಚಾವಾಗಬಹುದಿತ್ತು. ಸಿಸ್ಟರ್ ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

"ನಿಮ್ಮ ಕ್ಲಾಸಲ್ಲಿ ಮೊದಲ ಸಲ ಕೂತಾಗ ನನಗೂ ಅರ್ಥವಾಗಿರಲಿಲ್ಲ, ಸರ್. ಏಳೋಕೆ ನಾಚಿಕೆಯಾಯ್ತು. ಉರು ಹೊಡೆದು ಪಾಸಾದೆ. ನೀವು ಖಾತೆಯಲ್ಲಿ ಇಟ್ಟುಕೊಂಡಿರೋದು ಅದೇ ಕ್ರೆಡಿಟ್ಟು. ನಿಜವಾಗಿ ಕಲಿತಿದ್ದು ಎರಡನೇ ಸಲ. ಅದನ್ನ ಆಫೀಸಲ್ಲಿ ಕಿತ್ತುಹಾಕಿದ್ದಾರೆ."

ಪ್ರೊಫೆಸರು ಒಂದು ಕ್ಷಣ ಪೆಚ್ಚಾದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮೂರು ಕ್ರೆಡಿಟ್ ಕೊಟ್ಟಿದ್ದೀನಿ, ಹೋಗಿ ಗೌನು ಹೊಲಿಸಿಕೊಳ್ಳಿ. ಆದರೆ ಸೋಮವಾರದಿಂದ ನನ್ನ ಕ್ಲಾಸಿಗೆ ಬಂದು ಕೂತ್ಕೋತೀರಾ? ನಾನು ಎಲ್ಲಾದರೂ ಅರ್ಥವಾಗದ ಹಾಗೆ ಹೇಳಿದರೆ ನೀವು ಎದ್ದು ನಿಲ್ಲಬೇಕು. ಒಬ್ಬರು ಎದ್ದರೆ ಮಿಕ್ಕವರೂ ಏಳ್ತಾರೆ."

"ಅದಕ್ಕೆ ಎಷ್ಟು ಕ್ರೆಡಿಟ್, ಸರ್?"

"ಒಂದೂ ಇಲ್ಲ."

"ಬರ್ತೀನಿ," ಎಂದರು ಸಿಸ್ಟರ್.