ರೇಣುಕಪ್ರಸಾದನ ಇಳಿಸದ ಡಬ್ಬಿ

“ಸೋಮವಾರಪೇಟೆಯಿಂದ ಶನಿವಾರಸಂತೆವರೆಗೆ ನಾನು ಜಾತಕ ಬರೆಯದ ಬಂಡೆ ಇಲ್ಲ, ಹೆದರಿ ಹಿಂದಿರುಗಿದ ಗುಹೆ ಇಲ್ಲ” ಎಂದು ರೇಣುಕಪ್ರಸಾದ್ ಎದೆ ತಟ್ಟಿಕೊಂಡರೆ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಎದುರಾಡುವುದಿಲ್ಲ. ಎದುರಾಡಿದವನ ಹಲ್ಲಿಗೂ ಮೀಟರ್ ಹಿಡಿದಾನು ಎಂಬ ಭಯ. ಕಲ್ಲುಮಣ್ಣಿನಿಂದ ಎದ್ದು, ಕಣ್ಣಿಗೂ ಮೂಗಿಗೂ ಸಿಗದೆ, ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡು ಶ್ವಾಸಕೋಶ ಕೆಡಿಸುವ ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಅಳೆಯುವುದು ಈ ಮಹಾಶಯನ ಉದ್ಯೋಗ. ಮದುವೆಮನೆಯಲ್ಲಿ ಬಾಳೆಹಣ್ಣು ಕೊಟ್ಟರೆ ಸುಲಿಯುವ ಮೊದಲು ಅದರ ವಿಕಿರಣ ನೋಡುತ್ತಾನೆ; ಗೃಹಪ್ರವೇಶಕ್ಕೆ ಕರೆದರೆ ಪುರೋಹಿತರಿಗಿಂತ ಮೊದಲೇ ಒಳನುಗ್ಗಿ ಕಿಟಕಿಗಳನ್ನೆಲ್ಲ ತೆರೆಯುತ್ತಾನೆ. ಮೂರು ತಿಂಗಳಿಗೆಂದು ಅವನು ಮನೆಮನೆಯಲ್ಲೂ ತೂಗುಹಾಕುವ ಅಳತೆಯ ಡಬ್ಬಿಗೆ ಒಬ್ಬರು ಕುಂಕುಮವಿಟ್ಟರೆ, ಇನ್ನೊಬ್ಬರು ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಕವರ್ ಸುತ್ತಿ ಗಂಟುಹಾಕಿರುತ್ತಾರೆ; ಅಳತೆ ಕೆಟ್ಟರೂ ಸಿಟ್ಟಾಗದೆ ಹೊಸದು ಕಟ್ಟಿ ಬರುತ್ತಾನೆ. ಆದರೆ ಅವನದೇ ಮನೆಯಲ್ಲಿ, ಹಿಂಬದಿಯ ಬಂಡೆಗೆ ಆತುಕೊಂಡ ಅವ್ವನ ಕೋಣೆಯಲ್ಲಿ, ಎರಡು ವರ್ಷದಿಂದ ಒಂದು ಡಬ್ಬಿ ಹಾಗೇ ನೇತಾಡುತ್ತಿದೆ. ಗೋಡೆ ಒಡೆಸಿ ಒಂದು ಕಿಟಕಿ ಇಡಿಸಿದ, ಆಮೇಲೆ ಇನ್ನೊಂದು. ಡಬ್ಬಿಯನ್ನು ಮಾತ್ರ ಇಳಿಸಿ, ಅಳತೆ ಓದಿಸಲು ಲ್ಯಾಬಿಗೆ ಒಯ್ಯಲಿಲ್ಲ. ಮೊನ್ನೆ ಅವ್ವ ಮಹಾದೇವಮ್ಮ ಕಂಬಳಿಯೊಳಗಿಂದಲೇ ಕೇಳಿದರು: “ಊರೋರ ಮನೇದೆಲ್ಲ ಓದಿ ಹೇಳ್ತೀಯ, ನಂದೇನು ಬಂತೋ? ಗುಹೆಗೆ ನುಗ್ಗೋ ಗಂಡಸು, ಈ ಡಬ್ಬಿಗೆ ಹೆದರ್ತೀಯಲ್ಲೋ!” ರೇಣುಕಪ್ರಸಾದ್ ಮೂರನೆಯ ಕಿಟಕಿಗೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೇಳಿದ: “ಗುಹೇಲಿ ನೀನು ಮಲಗಲ್ವಲ್ಲವ್ವ.”