ತಿಮ್ಮಪ್ಪನವರು ಅಡುಗೆ ಕಲಿತ ಜಾಗ

ಎರಡು ವಾರದ ಹಿಂದೆ ಹೊಸನಗರದ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಬೆಳಿಗ್ಗೆ ಅಡುಗೆಯವರು ಕುಂಬಳಕಾಯಿ ಹೆಚ್ಚುತ್ತಾ ಹೇಳಿದರು: "ಮೊದ್ಲೇ ಹೇಳ್ಬಿಡ್ತೀನಿ ಸಾರ್. ನಾನು ಅಡುಗೆ ಕಲ್ತಿದ್ದು ಜೈಲಲ್ಲಿ."

ಇವರು ತಿಮ್ಮಪ್ಪ. ಸಾಗರದವರು. ನಾವು ಗೊತ್ತು ಮಾಡಿದ್ದ ಅಡುಗೆಯವರಿಗೆ ಜ್ವರ ಬಂದು, ತಮ್ಮ ಬದಲಿಗೆ ಕಳಿಸಿದ್ದ ಮನುಷ್ಯ.

ಗದ್ದೆಯ ಬದುವಿನ ಜಗಳದಲ್ಲಿ ಇವರು ಬೀಸಿದ ದೊಣ್ಣೆಗೆ ದಾಯಾದಿಯೊಬ್ಬ ಸತ್ತನಂತೆ. ಒಂಬತ್ತು ವರ್ಷ ಜೈಲು. ಅಲ್ಲಿಗೆ ಹಳೆಯ ಹೋಟೆಲ್ ಅಡುಗೆಯವರೊಬ್ಬರು ಬಂದು ಕೈದಿಗಳಿಗೆ ಕಲಿಸುತ್ತಿದ್ದರಂತೆ. ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು. ಜೇಬಿನಿಂದ ತೆಗೆದು ತೋರಿಸಿದರು. ಜೈಲಿನ ಮೊಹರು ದೊಡ್ಡದಾಗಿಯೇ ಇತ್ತು.

"ಬೇಡ ಅಂದ್ರೆ ಹತ್ತರ ಬಸ್ಸಿಗೆ ಹೋಗ್ತೀನಿ," ಎಂದರು.

ಹೋಗಿ ಎನ್ನಲೇ? ಮಧ್ಯಾಹ್ನ ಮೇಳಿಗೆಯಿಂದ ಗಂಡಿನ ಕಡೆಯ ನಲವತ್ತು ಜನ ಬರುತ್ತಾರೆ. (ನನಗೆ ಅನ್ನ ಬೇಯಿಸಲೂ ಬರುವುದಿಲ್ಲ.) ಇರಿ ಎಂದೆ. ಹೆಂಡತಿಗೂ ಹೇಳಲಿಲ್ಲ. ಆದರೆ ಐದೈದು ನಿಮಿಷಕ್ಕೆ ಅಡುಗೆಮನೆ ಇಣುಕಿದೆ. ಯಾಕೆ? ಈಳಿಗೆಮಣೆ ಕಾಯಲಿಕ್ಕೆ?

ಊಟದಲ್ಲಿ ವರನ ತಂದೆ ಎರಡನೇ ಸಲ ಮಜ್ಜಿಗೆಹುಳಿ ಹಾಕಿಸಿಕೊಂಡು ಕೇಳಿದರು: "ಅಡುಗೆಯವ್ರು ಎಲ್ಲಿ ಕಲ್ತಿದ್ದು?"

ಬಡಿಸುತ್ತಿದ್ದ ತಿಮ್ಮಪ್ಪ ನನ್ನ ಮುಖ ನೋಡಿದರು.

"ಶಿವಮೊಗ್ಗದ ದೊಡ್ಡ ಹೋಟೆಲಲ್ಲಿ," ಎಂದುಬಿಟ್ಟೆ.

"ಹಾಗಾದ್ರೆ ಮದುವೆಗೂ ಇವ್ರೇ ಇರ್ಲಿ."

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮಪ್ಪ ಮೆಲ್ಲಗೆ ಹೇಳಿದರು: "ಶಿವಮೊಗ್ಗದ ಹೋಟೆಲಿಗೂ ಹೋಗಿದ್ದೆ ಸಾರ್. ಮೊಹರು ನೋಡಿ ಬಾಗಿಲಿಂದ್ಲೇ ಕಳಿಸಿದ್ರು. ನಾನು ಕಷ್ಟಪಟ್ಟು ಕಲ್ತಿದ್ದನ್ನ ನೀವು ಅವ್ರ ಹೆಸ್ರಿಗೆ ಬರೆದ್ಬಿಟ್ರಿ."

ಆಮೇಲೆ ನನಗೆ ಊಟ ಸೇರಲಿಲ್ಲ. ಬೀಗರಿಗೆ ನಿಜ ಹೇಳಿದರೆ ಸಂಬಂಧ ಮುರಿದೀತೇ? ಹೇಳದೆ ಇದ್ದು, ಮದುವೆಯ ದಿನ ಯಾರಾದರೂ ಗುರುತು ಹಿಡಿದು ಅವರನ್ನು ಒಲೆಯ ಮುಂದಿನಿಂದ ಎಬ್ಬಿಸಿದರೆ? ಮಗಳಿಗೆ ವಿಷಯ ತಿಳಿಸಿದೆ. "ನೀವು ಹೇಳ್ದಿದ್ರೆ ನಾನೇ ಹೇಳ್ತೀನಪ್ಪ," ಎಂದಳು.

ಮೊನ್ನೆ ಗುರುವಾರ ಮೇಳಿಗೆಗೆ ಹೋದೆ. ಜಗಲಿಯಲ್ಲಿ ಕುಳಿತು ಎಲ್ಲ ಹೇಳಿದೆ. ಬೀಗರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಎಲೆಯನ್ನು ತಟ್ಟೆಯಲ್ಲಿಟ್ಟರು.

"ಮದುವೆಗೆ ಏನೂ ತೊಂದ್ರೆ ಇಲ್ಲ," ಎಂದರು ಕೊನೆಗೆ. "ಆದ್ರೆ ನಮ್ಮ ನೆಂಟ್ರು ಕೇಳಿದ್ರೆ ಎಂತ ಹೇಳೋದು? ಅಡುಗೆಗೆ ಬೇರೆಯವ್ರನ್ನ ನೋಡಿ."

ಮೊದಲು ನಿರಾಳವಾಯಿತು. (ಮುಚ್ಚಿಡುವುದೇಕೆ?) ತೀರ್ಥಹಳ್ಳಿಯ ಬಸ್ಸು ಹತ್ತಿದ ಮೇಲೆ ಹೊಳೆಯಿತು: ಸುಳ್ಳು ಹೇಳಿದವನು ನಾನು, ಕೆಲಸ ಹೋದದ್ದು ತಿಮ್ಮಪ್ಪನವರದು.

ಅವರಿಗೆ ಕಾಗದ ಬರೆಯಲು ಕುಳಿತಿದ್ದೇನೆ. 'ತಿಮ್ಮಪ್ಪನವರಿಗೆ ನಮಸ್ಕಾರ' ಎಂದಾದ ಮೇಲೆ ಏನು ಬರೆಯಲಿ, ನೀವೇ ಹೇಳಿ?